ಡಾಕ್ಟರಮ್ಮನ ಸಲಹೆ

ಕುರ್ಚಿ ಎತ್ತರದ್ದು, ಒಂಟಿ ಕಾಲಿನದು, ಕೂತರೆ ಗಿರ್ರನೆ ತಿರುಗುವಂಥದ್ದು. ಅಮ್ಮ ಅದನ್ನು ಹತ್ತಲು ಹೋಗಿ ಎರಡು ಸಲ ಜಾರಿದಳು. ಕೊನೆಗೆ ಪಕ್ಕದಲ್ಲಿದ್ದ ಇಬ್ಬರು ಗಂಡಸರು ಕಬ್ಬಿಣದ ಬೀರು ಎತ್ತುವವರ ಹಾಗೆ ಅವಳ ಎರಡೂ ರಟ್ಟೆ ಹಿಡಿದು ಕೂರಿಸಿದರು. "ಇದೇ ನೋಡಿ ತಾಯಿ, ನಮ್ಮ ದೊರೆ ಕೂರ್ತಿದ್ದ ಸಿಂಹಾಸನ" ಎಂದ ಒಬ್ಬ. ಅಮ್ಮ ಸಿಂಹಾಸನದ ಮೇಲೆ ಬೆದರಿದ ಕೋಳಿಯ ಹಾಗೆ ಮುದುರಿ ಕೂತು, ಕೈಚೀಲವನ್ನು ಹೊಟ್ಟೆಗೆ ಅವಚಿಕೊಂಡಳು.

ಮಗಳು ಕೂರಲಿಲ್ಲ. ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ನಿಂತಳು. ಹೊರಗೆ ಬೆಳಗಿನ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಪರದೆ ಎಳೆದು, ಹಳದಿ ದೀಪ ಹಚ್ಚಿ, ಸಂಜೆಯನ್ನು ಬಾಡಿಗೆಗೆ ತಂದು ಇಟ್ಟುಕೊಂಡಿದ್ದರು. ಒರೆಸಿದ ನೆಲವೂ ಚಪ್ಪಲಿಗೆ ಅಂಟುತ್ತಿತ್ತು. ನಿನ್ನೆಯ ಬಿಯರು, ಫಿನಾಯಿಲು, ಆರಿದ ಸಿಗರೇಟು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿದಾಗ ಅವಳಿಗೆ ಅದು ಹೊಸದೆನ್ನಿಸಲಿಲ್ಲ. ಇಷ್ಟು ವರ್ಷ ಅದು ಅಪ್ಪನ ವಾಸನೆ ಎಂದುಕೊಂಡಿದ್ದಳು. ಈಗ ನೋಡಿದರೆ ಈ ಕೋಣೆಯದು. ಅಪ್ಪ ಅದನ್ನು ದಿನಾ ಸ್ವಲ್ಪಸ್ವಲ್ಪವೇ ಮನೆಗೆ ಹೊತ್ತು ಹಾಕಿದ್ದ, ಅಷ್ಟೆ.

ಅಪ್ಪ ಸತ್ತು ತಿಂಗಳಾಗಿತ್ತು. ಕಾಯಂ ಗಿರಾಕಿ ಯಾರಾದರೂ ಸತ್ತರೆ ಈ ಬಾರಿನಲ್ಲಿ ಒಂದು ಪದ್ಧತಿ. ಅವನು ಕುಡಿಯುತ್ತಿದ್ದ ಗ್ಲಾಸನ್ನು ಅವನ ಮನೆಯವರ ಕೈಯಿಂದಲೇ ಕೌಂಟರಿನ ಹಿಂದಿನ ಹಲಗೆಯ ಮೇಲೆ ಬೋರಲು ಇಡಿಸುವುದು, ಕೆಳಗೆ ಅವನ ಅಡ್ಡಹೆಸರಿನ ಹಿತ್ತಾಳೆ ಪಟ್ಟಿ ಹೊಡೆಯುವುದು. ಅಪ್ಪನದು "ದೊರೆ". ಒಂದು ಹಲಗೆ ಆಗಲೇ ತುಂಬಿ ಎರಡನೆಯದು ಶುರುವಾಗಿತ್ತು. ಹಲಗೆ ತುಂಬಿದ್ದು ಇವರಿಗೆಲ್ಲ ಹೆಮ್ಮೆಯ ವಿಷಯ. ಇಷ್ಟು ಬೇಗ ಯಾಕೆ ತುಂಬುತ್ತಿದೆ ಎಂದು ಯಾರೂ ತಲೆ ಕೆಡಿಸಿಕೊಂಡ ಹಾಗಿರಲಿಲ್ಲ.

ಅಮ್ಮ ಮದುವೆಯಾದಾಗಿನಿಂದ ಈ ಬಾಗಿಲ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿಕೊಂಡವಳು. ಫೋನು ಬಂದಾಗ ಮಾತ್ರ "ನಾಲ್ಕು ಜನ ಮರ್ಯಾದೆ ಕೊಟ್ಟು ಕರೀತಿದಾರೆ ಕಣೇ, ಹೋಗದಿದ್ರೆ ಹೇಗೆ?" ಎಂದು ಹೊಸ ಬಟ್ಟೆ ತೆಗೆದಿದ್ದಳು. ಮಗಳು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದದ್ದು ಒಂದೇ ಭಯಕ್ಕೆ. ಈ ತಿಂಗಳು ಅಮ್ಮ ಮೊದಲ ಸಲ ರಾತ್ರಿಯಿಡೀ ನಿದ್ದೆ ಮಾಡಿದ್ದಳು. "ಹೋದ, ಹಗುರಾಯ್ತು" ಎಂದು ಬಾಯಿಬಿಟ್ಟು ಅಂದಿದ್ದಳು. ಇಷ್ಟು ವರ್ಷ ಕಾದು ಸಿಕ್ಕ ಆ ಒಂದು ನಿಜದ ಮಾತನ್ನು ಈ ಜನ ಒಂದೇ ಬೆಳಗಿನಲ್ಲಿ ಕಿತ್ತುಕೊಂಡುಬಿಟ್ಟರೆ?

ಬಾರ್‌ಟೆಂಡರನನ್ನು ಎಲ್ಲರೂ ಗುರು ಎನ್ನುತ್ತಿದ್ದರು. ಕಪ್ಪು ಕೋಟು, ತಿರುವಿದ ಮೀಸೆ, ಹೆಗಲ ಮೇಲೊಂದು ಬಿಳಿ ಟವೆಲು. ಊರಿನ ಅತ್ಯುತ್ತಮ ಬಾರ್‌ಟೆಂಡರ್ ಎಂದು ಯಾವುದೋ ಪತ್ರಿಕೆಯವರು ಅವನ ಫೋಟೋ ಹಾಕಿದ್ದರಂತೆ. ಆ ತುಂಡಿಗೆ ಗಾಜು ಹಾಕಿಸಿ, ಅದಕ್ಕೇ ಒಂದು ಪುಟ್ಟ ದೀಪ ಬೇರೆ ಇಟ್ಟುಕೊಂಡಿದ್ದ. ಅಮ್ಮನಿಗೆ ನಿಂಬೆ ಶರಬತ್ತು ಮಾಡುವುದಕ್ಕೂ ಬಾಟಲಿಯನ್ನು ಗಾಳಿಗೆ ಎಸೆದು ಬೆನ್ನ ಹಿಂದೆ ಹಿಡಿದ. ಆಮೇಲೆ ಗ್ಲಾಸಿನ ಅಂಚಿಗೆ ಒಂದು ಕಾಗದದ ಕೊಡೆ ಸಿಕ್ಕಿಸಿ ಮುಂದಿಟ್ಟ.

"ಇದು ಬಾರ್ ಅಂತ ತಿಳ್ಕೋಬೇಡಿ ಅಕ್ಕ, ಮನೆ. ಜನ ಇಲ್ಲಿಗೆ ಕುಡಿಯೋಕೆ ಬರಲ್ಲ, ಮನಸ್ಸು ಬಿಚ್ಚೋಕೆ ಬರ್ತಾರೆ" ಎಂದ ಗುರು.

ಮನಸ್ಸು ಬಿಚ್ಚಲು ಬಂದ ಇಬ್ಬರೂ ಆಗಲೇ ಎರಡನೆಯ ಗ್ಲಾಸಿನಲ್ಲಿದ್ದರು. ಒಬ್ಬರು ಮೇಷ್ಟ್ರು, ನಿವೃತ್ತರಾಗಿ ಎಷ್ಟೋ ವರ್ಷವಾದರೂ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡವರು. ಇನ್ನೊಬ್ಬ ಮನೆ ದಲ್ಲಾಳಿ, ದಪ್ಪ ಆಳು, ಕೂತಲ್ಲೇ ಏದುಸಿರು ಬಿಡುತ್ತಿದ್ದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು.

"ತಾಯಿ, ನಿಮ್ಮ ಯಜಮಾನರು ಎಂಥವರು ಅಂತ ನಮ್ಮನ್ನ ಕೇಳಿ. ಈ ಕೋಣೆಗೆ ಅವರು ಕಾಲಿಟ್ರೆ ನಗು ಶುರು. ಹಾಡು ಅಂದ್ರೆ ಹಾಡು, ಕಥೆ ಅಂದ್ರೆ ಕಥೆ. ಒಬ್ಬರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ."

ಅಮ್ಮ ತಲೆಯೆತ್ತಿದಳು. "ಹಾಡ್ತಿದ್ರಾ?"

"ಹಾಡ್ತಿದ್ರಾ ಅಂತ ಕೇಳ್ತೀರಲ್ಲ! ಮನೇಲಿ ಹಾಡ್ತಿರಲಿಲ್ವಾ?"

ಮನೆಯಲ್ಲಿ ಅಪ್ಪ "ಬಾಗಿಲು ತೆಗಿ" ಎನ್ನುತ್ತಿದ್ದ. "ಉಪ್ಪು ಕಮ್ಮಿ" ಎನ್ನುತ್ತಿದ್ದ. ಕೆಲವು ದಿನ ಅಷ್ಟೂ ಇಲ್ಲ. ಹಾಡು, ಕಥೆ, ನಗು ಎಲ್ಲ ಇಲ್ಲೇ ಖರ್ಚಾಗಿ, ಮನೆಗೆ ಬರುತ್ತಿದ್ದದ್ದು ಖಾಲಿ ಬಾಟಲಿ. ಮಗಳು ಅಮ್ಮ ಹಾಗನ್ನಲಿ ಎಂದು ಕಾದಳು. ಅಮ್ಮ ಶರಬತ್ತಿನ ಕೊಡೆಯನ್ನು ಬೆರಳಲ್ಲಿ ತಿರುಗಿಸುತ್ತ, "ಆಗೊಮ್ಮೆ ಈಗೊಮ್ಮೆ" ಎಂದಳು.

"ಅಲ್ಲ, ನಾವು ಇಷ್ಟು ಹೊತ್ತಾದ್ರೂ ವಿಚಾರಿಸಲೇ ಇಲ್ವಲ್ಲ!" ದಲ್ಲಾಳಿ ಕಂಬದ ಕಡೆ ತಿರುಗಿದ. "ಬನ್ನಿ ಡಾಕ್ಟರಮ್ಮ, ಅಲ್ಯಾಕೆ ನಿಂತಿದೀರಿ? ನಿಮ್ಮಪ್ಪ ನಿಮ್ಮ ಹೆಸರಲ್ಲಿ ಎಷ್ಟು ಕುಡಿಸಿದಾನೆ ನಮಗೆ!"

ಮಗಳು ಹಿಂದೆ ಯಾರಾದರೂ ಬಂದಿದ್ದಾರೇನೋ ಎಂದು ತಿರುಗಿ ನೋಡಿದಳು. ಹಿಂದೆ ಬಾಗಿಲೊಂದೇ ಇತ್ತು.

"ನೋಡಿ, ಎಷ್ಟು ಸಂಕೋಚ" ಎಂದ ಗುರು. "ಅಕ್ಕ, ಮಗಳಿಗೆ ಮೆಡಿಕಲ್ ಸೀಟು ಸಿಕ್ತು ಅಂತ ದೊರೆ ಬಂದ ದಿನ ಈ ಕೌಂಟರ್ ಮೇಲೆ ನಿಂತು ಕುಣಿದುಬಿಟ್ಟ. ಅವತ್ತು ಎಲ್ಲರಿಗೂ ಅವನದೇ ಪಾರ್ಟಿ. ಆಮೇಲೆ ಪ್ರತಿ ವರ್ಷ ಪಾಸಾದಾಗಲೂ ಪಾರ್ಟಿ. ಒಂದು ಸಲ ಅಂತೂ ಫಸ್ಟ್ ರ್‍ಯಾಂಕ್ ಅಂತ."

"ಬಿಳೀ ಕೋಟು ಹಿಡ್ಕೊಂಡು ಆಸ್ಪತ್ರೆ ಗೇಟಲ್ಲಿ ಬರ್ತಿದ್ದದ್ದನ್ನ ನಾನೇ ನೋಡಿದೀನಿ" ಎಂದರು ಮೇಷ್ಟ್ರು. "ಹೆಮ್ಮೆ ಆಯ್ತು. ವಿದ್ಯೆ ಅಂದ್ರೆ ಹಾಗಿರಬೇಕು."

ಬಿಳಿ ಕೋಟು ಹಿಡಿದದ್ದು ನಿಜ. ಒಂದಲ್ಲ, ಒಂದು ರಾಶಿ. ಅವಳು ಎಂಟನೇ ಕ್ಲಾಸು ಬಿಟ್ಟು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತವಳು. ಕೆಲಸ ಹುಡುಕಿ ಕೊಟ್ಟವನೂ ಅಪ್ಪನೇ. ಸಂಬಳದ ದಿನ ಗೇಟಿನಲ್ಲಿ ತಪ್ಪದೆ ಕಾದು ನಿಂತು, ಕವರು ಇಸಿದುಕೊಂಡು, ಈ ಕಡೆ ಬರುತ್ತಿದ್ದವನೂ ಅವನೇ. ಅಂದರೆ ಅವಳು ಬರೆಯದ ಪರೀಕ್ಷೆಗೆ ಅವಳದೇ ದುಡಿಮೆಯಲ್ಲಿ ಪಾರ್ಟಿ. ಕಾದ ಪ್ರೆಸ್ಸಿನಡಿ ಮುಂಗೈ ಸಿಕ್ಕಿ ಅವಳು ವಾರಗಟ್ಟಲೆ ಎಡಗೈಯಲ್ಲಿ ಉಂಡ ದಿನಗಳಲ್ಲಿ ಇಲ್ಲಿ ಯಾವ ವರ್ಷದ ಪಾಸು ನಡೆದಿತ್ತೋ. ಅವಳು ಕಲೆ ಕಾಣದಂತೆ ಕುರ್ತಾದ ತೋಳನ್ನು ಕೆಳಗೆ ಎಳೆದುಕೊಂಡಳು.

ಅಮ್ಮನ ಮುಖ ನೋಡಿದಳು. ಅಮ್ಮ ಬೆಚ್ಚಿಬೀಳುತ್ತಾಳೆ, ಎದ್ದು ಹೋಗೋಣ ಎನ್ನುತ್ತಾಳೆ ಎಂದುಕೊಂಡಿದ್ದಳು. ಅಮ್ಮನ ಮುಖ ಮೆಲ್ಲಗೆ ಅರಳುತ್ತಿತ್ತು.

"ಈಗ ಎಷ್ಟನೇ ವರ್ಷ ತಾಯಿ?" ಎಂದರು ಮೇಷ್ಟ್ರು.

"ಕೊನೇದು" ಎಂದಳು ಅಮ್ಮ.

ಎಷ್ಟು ಸಲೀಸಾಗಿ! ಶರಬತ್ತು ಗುಟುಕರಿಸಿದಷ್ಟೇ ಸಲೀಸು. ಈ ಗಂಡಸರ ಮೇಲೆ ಮಗಳಿಗಿದ್ದ ಅಸಹ್ಯ ಒಂದು ಹೆಜ್ಜೆ ಮುಂದೆ ಸರಿದು ಅಮ್ಮ ಕೂತ ಕುರ್ಚಿಯನ್ನೂ ಮುಟ್ಟಿತು.

ಗುರು ಅಪ್ಪನ ಗ್ಲಾಸನ್ನು ಟವೆಲಿನಲ್ಲಿ ಉಜ್ಜಿ ಅಮ್ಮನ ಕೈಗೆ ಕೊಟ್ಟ. ಅಮ್ಮ ಕೂತಲ್ಲಿಂದಲೇ ಕೌಂಟರಿನಾಚೆ ಬಾಗಿ ಅದನ್ನು ಹಲಗೆಯ ಮೇಲೆ ಬೋರಲಿಟ್ಟಳು. ಮೂವರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕಣ್ಣೊರೆಸಿಕೊಂಡು, ಅದೇ ಕೈಯಲ್ಲಿ ಕಡಲೆಬೀಜ ಬಾಯಿಗೆ ಎಸೆದುಕೊಂಡರು. "ಡಾಕ್ಟರಮ್ಮನ ಸಲಹೆ ಪ್ರಕಾರ" ಎಂದು ಕಣ್ಣು ಮಿಟುಕಿಸಿದರು. ಎಲ್ಲರೂ ನಕ್ಕರು.

"ಏನು ಸಲಹೆ?" ಮಗಳು ಒಳಗೆ ಬಂದಮೇಲೆ ಆಡಿದ ಮೊದಲ ಮಾತು ಅದು.

"ನಿಮ್ಮದೇ!" ಎಂದರು ಮೇಷ್ಟ್ರು. "ಕುಡಿಯೋವಾಗ ಕಡಲೆಬೀಜ ತಿಂದ್ರೆ ಲಿವರ್‌ಗೆ ಏನೂ ಆಗಲ್ಲ ಅಂತ ನೀವೇ ಹೇಳಿದ್ರಂತಲ್ಲ. ಎರಡು ಪೆಗ್ ನಡುವೆ ಒಂದು ಲೋಟ ನೀರು. ವಾರಕ್ಕೊಂದು ದಿನ ಬರೀ ಬಿಯರು, ಹೊಟ್ಟೆಗೆ ವಿಶ್ರಾಂತಿ. ನಾವೆಲ್ಲ ತಪ್ಪದೆ ಪಾಲಿಸ್ತೀವಿ. ಏನೇ ಕಾಯಿಲೆ ಅಂದ್ರೂ ದೊರೆ ಮನೆಗೆ ಹೋಗಿ ಕೇಳ್ಕೊಂಡು ಬರ್ತಿದ್ದ."

"ನನಗಂತೂ ದೇವರ ಹಾಗೆ" ಎಂದ ದಲ್ಲಾಳಿ, ಬಗ್ಗಿ ಪ್ಯಾಂಟಿನ ಕಾಲು ಮೇಲೆ ಸರಿಸುತ್ತ. "ನೋಡಿ, ಹೇಗೂ ಬಂದಿದೀರಲ್ಲ. ಈ ಕಾಲು ಊದಿಕೊಂಡಾಗ ಆಸ್ಪತ್ರೆಗೆ ಹೋಗೋಣ ಅಂತ ಹೊರಟಿದ್ದೆ. ಬೇಡ, ಓಡಾಟ ಜಾಸ್ತಿ ಆಗಿದೆ ಅಷ್ಟೆ, ಬಿಸಿನೀರಲ್ಲಿ ಉಪ್ಪು ಹಾಕಿ ಇಡಿ ಅಂತ ನೀವೇ ಹೇಳಿ ಕಳಿಸಿದ್ರಿ. ದಿನಾ ಇಡ್ತಿದೀನಿ. ಇಳೀತಾ ಇಲ್ಲ."

ಬೂಟು ಕಾಲಿಗೆ ಹತ್ತದೆ ಹಿಮ್ಮಡಿ ತುಳಿದು ಹಾಕಿಕೊಂಡಿದ್ದ. ಪಾದ ನುಣ್ಣಗೆ ಮಿಂಚುತ್ತಿತ್ತು. ಮಗಳಿಗೆ ಆ ಮಿಂಚು ಗೊತ್ತಿತ್ತು. ಬೇಡ ಬೇಡವೆಂದರೂ ಕಾಲುಗಳು ಅತ್ತ ನಡೆದವು. ಅವಳು ಕೆಳಗೆ ಕೂತು ಹೆಬ್ಬೆರಳಿನಿಂದ ಅವನ ಕಣಕಾಲ ಮೇಲೆ ಒತ್ತಿದಳು, ಬಿಟ್ಟಳು. ಗುಳಿ ಬಿತ್ತು. ಗುಳಿ ಹಾಗೇ ಉಳಿಯಿತು. ಅಪ್ಪನ ಕಾಲಲ್ಲಿ ಇಂಥ ಗುಳಿ ಬೀಳಲು ಶುರುವಾದ ಮೇಲೆ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು, ಆಮೇಲೆ ಹೆಚ್ಚು ದಿನ ಹಿಡಿಯಲಿಲ್ಲ. ಮೇಲೆ ನೋಡಿದಳು. ದೀಪದ ಹಳದಿಯನ್ನು ಕಳೆದರೂ ದಲ್ಲಾಳಿಯ ಕಣ್ಣಿನಲ್ಲಿ ಹಳದಿ ಉಳಿಯುತ್ತಿತ್ತು. ಊದಿದ ಕಾಲಿನವನ ಮಾತು ಕೇಳಿ ಊದಿದ ಕಾಲಿನವನು ಆಸ್ಪತ್ರೆ ತಪ್ಪಿಸಿದ್ದ. ಅಪ್ಪ ಸತ್ತ ಮೇಲೂ ಇವನಿಗೆ ಅನುಮಾನ ಬಂದಿರಲಿಲ್ಲ.

"ನಾನು ಹೇಳಿಲ್ಲ" ಎಂದಳು. ಮತ್ತೆ ಹೇಳಿದಳು. "ನಾನು ಏನೂ ಹೇಳಿ ಕಳಿಸಿಲ್ಲ. ನಾನು ಡಾಕ್ಟರಿಗೆ ಓದ್ತಿಲ್ಲ. ಆಸ್ಪತ್ರೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತೀನಿ. ಎಂಟನೇ ಕ್ಲಾಸಿಗೇ ಬಿಟ್ಟೆ. ಅಪ್ಪ ಹೇಳಿದ್ದೆಲ್ಲ ಸುಳ್ಳು."

ಮೇಷ್ಟ್ರು ಹೊಟ್ಟೆ ಹಿಡಿದು ನಗತೊಡಗಿದರು. "ಅಬ್ಬಬ್ಬ! ಅಪ್ಪನ ಮಗಳೇ! ದೊರೆಯೂ ಹೀಗೇ, ಮುಖ ಗಂಟು ಹಾಕ್ಕೊಂಡು ತಮಾಷೆ ಮಾಡ್ತಿದ್ದ!"

"ತಮಾಷೆ ಅಲ್ಲ. ಅಮ್ಮನ್ನ ಕೇಳಿ."

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಮ್ಮ ಮಗಳ ಕಣ್ಣು ತಪ್ಪಿಸಿ, ಹಲಗೆಯ ಮೇಲೆ ಬೋರಲು ಕೂತಿದ್ದ ಗ್ಲಾಸನ್ನು ನೋಡಿದಳು.

"ಅವಳು ಹಾಗೇ" ಎಂದಳು. "ಚಿಕ್ಕಂದಿನಿಂದಲೂ. ಓದಿದ್ದನ್ನ ಹೇಳ್ಕೊಳ್ಳೋಕೆ ನಾಚಿಕೆ."

ಮಗಳು ಎದ್ದು ನಿಂತಳು. ಹೋಗಿಬಿಡಬಹುದಿತ್ತು. ಈ ಕೋಣೆಯಲ್ಲಿ ನಿಜಕ್ಕೆ ಕೂರಲು ಕುರ್ಚಿಯಿರಲಿಲ್ಲ, ಇನ್ನೊಂದು ಸಲ ಹೇಳಿದರೆ ಇನ್ನೊಂದು ಸಲ ನಗುತ್ತಾರೆ. ಗುರು ಒಬ್ಬ ನಗುತ್ತಿರಲಿಲ್ಲ. ಅವನು ಅವಳ ಮುಂಗೈಯ ಕಲೆಯನ್ನು ನೋಡುತ್ತಿದ್ದ. ಅವನಿಗೆ ಗೊತ್ತಾಗಿತ್ತು, ಅಥವಾ ಮೊದಲಿನಿಂದಲೂ ಗೊತ್ತಿತ್ತು. ಕಣ್ಣು ಕಲೆತಾಗ ಅತ್ತ ತಿರುಗಿ, ಆಗಲೇ ಒರೆಸಿದ ಗ್ಲಾಸನ್ನು ಮತ್ತೆ ಒರೆಸತೊಡಗಿದ. ಊರಿನ ಅತ್ಯುತ್ತಮ ಬಾರ್‌ಟೆಂಡರ್.

ದಲ್ಲಾಳಿ ಪ್ಯಾಂಟು ಇಳಿಸದೆ ಹಾಗೇ ಕೂತಿದ್ದ. ಅವನ ನಗು ಅರ್ಧಕ್ಕೆ ನಿಂತಿತ್ತು. "ಏನೂ ಆಗಲ್ಲ ಅಲ್ವಾ, ಡಾಕ್ಟರಮ್ಮ?" ಎಂದ ಸಣ್ಣ ದನಿಯಲ್ಲಿ. ಗ್ಲಾಸು ತುಟಿಯ ಹತ್ತಿರವೇ ಇತ್ತು.

ಅಂಥ ಪೆದ್ದನನ್ನು ಅವನ ಪಾಡಿಗೆ ಬಿಟ್ಟು ಹೋಗಬೇಕು ಅನ್ನಿಸಿತು ಅವಳಿಗೆ. ಇಸ್ತ್ರಿಯವಳ ಮಾತಿಗೆ ಅವನು ಆ ಗ್ಲಾಸು ಇಳಿಸುವವನಲ್ಲ. ಇಳಿಸಬೇಕೆಂದರೆ ಒಂದೇ ದಾರಿ, ಅದು ಅಪ್ಪ ಹಾಕಿಕೊಟ್ಟು ಹೋದದ್ದು.

"ಆಗುತ್ತೆ" ಎಂದಳು. ವಾರ್ಡಿಗೆ ಬಟ್ಟೆ ಕೊಡಲು ಹೋದಾಗ ದೊಡ್ಡ ಡಾಕ್ಟರು ಮಾತಾಡುವುದನ್ನು ಕೇಳಿದ್ದಳು. ದನಿ ಏರಿಸುವುದಿಲ್ಲ, ಮುಖ ನೋಡುವುದಿಲ್ಲ. "ಮೊದಲು ಹೇಳಿದ್ದು ತಪ್ಪು. ಇದು ನಡೆದು ಬಂದ ಊತ ಅಲ್ಲ. ಅಪ್ಪನಿಗೆ ಬಂದಿದ್ದೇ ನಿಮಗೂ ಬಂದಿದೆ. ಗ್ಲಾಸು ಕೆಳಗಿಡಿ."

ದಲ್ಲಾಳಿ ಇಟ್ಟ.

"ಕಡಲೆಬೀಜದ್ದು, ನೀರಿನದು, ಬಿಯರಿನದು, ಎಲ್ಲ ತಪ್ಪು. ಈಗಲೇ ಆಸ್ಪತ್ರೆಗೆ ಹೋಗಿ. ಚೀಟಿ ಮಾಡಿಸಿ, ಕಾಲು ತೋರಿಸಿ, ಎಷ್ಟು ಕುಡೀತೀರಿ ಅಂತ ಕೇಳಿದ್ರೆ ನಿಜ ಹೇಳಿ."

"ಈಗ್ಲೇನಾ?"

"ಈಗ್ಲೇ."

ಮೇಷ್ಟ್ರು ಕೆಮ್ಮಿದರು. "ಏನಮ್ಮ ಇದು, ಒಳ್ಳೇ ದಿನದಲ್ಲಿ... ಇನ್ನೂ ಪಾಸಾಗಿಲ್ಲ ಅಲ್ವಾ ನೀನು? ಪಾಸಾದವರನ್ನ ಯಾರನ್ನಾದ್ರೂ ನಿಧಾನಕ್ಕೆ ಕೇಳಿದ್ರಾಯ್ತಪ್ಪ."

ದಲ್ಲಾಳಿ ಕೇಳಿಸಿಕೊಳ್ಳಲಿಲ್ಲ. ಕುರ್ಚಿಯಿಂದ ಇಳಿಯಲು ಪರದಾಡುತ್ತಿದ್ದ. ಅಮ್ಮನನ್ನು ಸಿಂಹಾಸನಕ್ಕೆ ಏರಿಸಲು ಧಾವಿಸಿದ್ದ ಮೇಷ್ಟ್ರು ಈಗ ಅಲ್ಲಾಡಲಿಲ್ಲ. ಮಗಳೇ ಅವನ ತೋಳಿಗೆ ಹೆಗಲು ಕೊಟ್ಟಳು. ಭಾರವಾದ, ಬೆವರಿದ, ನಾರುವ ತೋಳು. ಅವಳು ಮುಖ ಆಚೆ ತಿರುಗಿಸಿಕೊಂಡೇ ನಡೆಸಿಕೊಂಡು ಹೋದಳು.

"ಅಮ್ಮ, ಬಾ" ಎಂದಳು ಬಾಗಿಲಲ್ಲಿ.

"ನೀನು ನಡಿ, ಬಂದೆ" ಎಂದಳು ಅಮ್ಮ.

ಬಿಸಿಲಿಗೆ ದಲ್ಲಾಳಿ ಕಣ್ಣು ಕಿರಿದು ಮಾಡಿದ. ಹಗಲಿನಲ್ಲಿ ಅವನ ಹಳದಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆಟೋ ಹತ್ತಿ ಕೂತವನು ತಲೆ ಹೊರಹಾಕಿ, "ನೀವು ಡ್ಯೂಟಿಗೆ ಯಾವಾಗ ಬರ್ತೀರಿ? ನಿಮ್ಮ ಹತ್ರಾನೇ ತೋರಿಸ್ತೀನಿ" ಎಂದ.

"ಅಲ್ಲಿ ಬೇರೆ ಡಾಕ್ಟರು ಇರ್ತಾರೆ. ಅವರು ಹೇಳಿದ ಹಾಗೆ ಕೇಳಿ" ಎಂದು ಅವಳು ಆಟೋದವನಿಗೆ ಹೋಗುವಂತೆ ಸನ್ನೆ ಮಾಡಿದಳು.

ಅಮ್ಮ ಬರಲಿಲ್ಲ. ಮಗಳು ಹಿಂದಿರುಗಿ ಕಿಟಕಿಯ ಗಾಜಿನಲ್ಲಿ ಪರದೆಯ ಸಂದಿಯಿಂದ ಒಳಗೆ ನೋಡಿದಳು. ದಲ್ಲಾಳಿ ಬಿಟ್ಟುಹೋದ ಗ್ಲಾಸನ್ನು ಮೇಷ್ಟ್ರು ತಮ್ಮ ಗ್ಲಾಸಿಗೆ ಸುರಿದುಕೊಳ್ಳುತ್ತಿದ್ದರು, ಒಂದು ಹನಿಯೂ ಚೆಲ್ಲದ ಹಾಗೆ. ಗುರು ಕೌಂಟರಿನ ಮೇಲೆ ಮೊಣಕೈಯೂರಿ ಅಮ್ಮನ ಕಡೆಗೇ ಬಾಗಿದ್ದ. ಅಮ್ಮ ಅವನಿಗೆ ಏನೋ ಹೇಳುತ್ತಿದ್ದಳು. ಕೈಚೀಲ ಪಕ್ಕಕ್ಕಿಟ್ಟಿದ್ದಳು. ಹೆಬ್ಬೆರಳು ತೋರುಬೆರಳುಗಳನ್ನು ಎದುರುಬದುರು ಹಿಡಿದು, ಅಗಲಿಸಿ, ಸಾಲದೆಂಬಂತೆ ಇನ್ನಷ್ಟು ಅಗಲಿಸಿ, ಮಗಳು ಓದುವ ಪುಸ್ತಕ ಎಷ್ಟು ದಪ್ಪವೆಂದು ತೋರಿಸುತ್ತಿದ್ದಳು.