ಮಾರಿಸ್ ಕಾರಿನ ನಟ್ಟುಗಳು

ರಾಮಾನುಜರ ಕೈ ನಡುಗಲು ಶುರುವಾದದ್ದು ಕಾರಿನ ಎಂಜಿನ್ ಬಿಚ್ಚಿದ ಮೇಲೆ. ಅದಕ್ಕೂ ಮೊದಲೇ ನಡುಗಿದ್ದರೆ ಬಿಚ್ಚುತ್ತಲೇ ಇರಲಿಲ್ಲವಲ್ಲ ಎಂದು ಅವರ ಹೆಂಡತಿ ಗೋದಾ ಎಷ್ಟೋ ಸಲ ಅಂದುಕೊಂಡಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ.

ಚಾಮರಾಜಪೇಟೆಯಲ್ಲಿ ಅವರದು ಬಾಡಿಗೆ ಮನೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ನಲವತ್ತೇಳನೇ ಇಸವಿಯ ಮಾರಿಸ್ ಕಾರು ನಿಂತಿತ್ತು. ಕಾರ್ಖಾನೆಯೊಂದರ ಟೂಲ್ ರೂಮಿನಿಂದ ನಿವೃತ್ತರಾದ ರಾಮಾನುಜರು, ಅದನ್ನು ತಮ್ಮ ಕೈಯಾರೆ ಓಡುವಂತೆ ಮಾಡುತ್ತೇನೆಂದು ಕೊಂಡಿದ್ದರು. ಈಗ ಅವರ ಬೆರಳುಗಳು ಶರ್ಟಿನ ಗುಂಡಿ ಹಾಕಿಕೊಳ್ಳಲೂ ಒದ್ದಾಡುತ್ತಿದ್ದವು. ಆದರೂ ದಿನಾ ಬೆಳಗ್ಗೆ ತಿಂಡಿಯಾದ ಮೇಲೆ ಶೆಡ್ಡಿಗೆ ಹೋಗಿ ಕೂರುವುದು ತಪ್ಪಿರಲಿಲ್ಲ.

ಯುಗಾದಿ ಕಳೆದ ವಾರ ಮನೆ ಮಾಲೀಕ ದೊಡ್ಡಬೈರಪ್ಪ ಬಂದು ಗೇಟಿನ ಹತ್ತಿರವೇ ನಿಂತರು.

"ಟೀಚರಮ್ಮ, ಬೇಜಾರ್ ಮಾಡ್ಕೋಬೇಡಿ. ನೀರು ಸಾಲ್ತಿಲ್ಲ, ಬೋರ್ ಕೊರೆಸ್ಬೇಕು. ಪಾಯಿಂಟ್ ನೋಡಿರೋದು ನಿಮ್ ಶೆಡ್ಡಲ್ಲೇ."

ಗೋದಾ ಬಸವನಗುಡಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಪರೀಕ್ಷೆಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ಅವರಿಗೆ ಹೇಳ್ತೀನಿ" ಎಂದಳು.

ರಾಮಾನುಜರು ಜಗಳವಾಡಲಿಲ್ಲ. ಹಳೇ ಕಾರುಗಳ ಹುಚ್ಚಿದ್ದ ಮಲ್ಲೇಶ್ವರದ ಗೌರೀಶ್‌ಗೆ ತಾವೇ ಫೋನ್ ಮಾಡಿ, ಕಾರು ತೆಗೆದುಕೊಂಡು ಹೋಗಲು ಹೇಳಿದರು. ಒಂದೇ ಒಂದು ಹಟ ಹಿಡಿದರು. ಎಂಜಿನ್ನಿನ ಮೇಲಿನ ಮುಚ್ಚಳವನ್ನು, ಅಂದರೆ ಹೆಡ್ಡನ್ನು, ಕೂರಿಸಿ ನಟ್ಟು ಬಿಗಿದೇ ಕಳಿಸಬೇಕು.

"ಬಾಯಿ ತೆಗೆದಿರೋ ಎಂಜಿನ್ನ ಹಾಗೇ ಕೊಡೋಕಾಗಲ್ಲ ಗೋದಾ. ಗುಜರಿಗೆ ಹಾಕ್ದಂಗಾಗುತ್ತೆ."

ಆ ನಟ್ಟುಗಳು ಮಾತ್ರ ಎಲ್ಲೂ ಇರಲಿಲ್ಲ. ಪೇಂಟ್ ಡಬ್ಬಿಗಳಲ್ಲಿ ಬೇರೆ ನೂರಾರು ನಟ್ಟು ಬೋಲ್ಟು ಕಲೆತುಹೋಗಿದ್ದವು. ಗೋದಾ ದಿನಾ ಸಂಜೆ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದಳು. ಪಿಚ್ ಗೇಜ್ ಹಿಡಿಯುವುದನ್ನು ರಾಮಾನುಜರು ಹೇಳಿಕೊಟ್ಟರು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ, ಅಂಚಿನಲ್ಲಿ ಹಲ್ಲುಗಳಿರುವ ಸಣ್ಣ ತಗಡುಗಳು. ಯಾವ ತಗಡು ಬೋಲ್ಟಿನ ಸುರುಳಿ ಹಲ್ಲುಗಳ, ಅಂದರೆ ಥ್ರೆಡ್ಡಿನ, ಮೇಲೆ ಬೆಳಕು ತೂರದ ಹಾಗೆ ಕೂರುತ್ತದೋ, ಒಂದಿಂಚಿಗೆ ಎಷ್ಟು ಹಲ್ಲು ಎಂಬುದು ಅದರ ಮೇಲೇ ಕೆತ್ತಿರುತ್ತದೆ.

"ಇದು ಇಂಗ್ಲೆಂಡಿನ ಹಳೇ ಅಳತೆ, ವಿಟ್‌ವರ್ತ್ ಅಂತ. ಅದ್ರಲ್ಲೇ ಹಲ್ಲು ಸಣ್ಣಗಿದ್ರೆ ಬಿಎಸ್ಎಫ್. ಈ ಕಾರಿಗೆಲ್ಲಾ ಅದೇ. ಹೆಡ್ಡಿಗೂ ವಿಟ್‌ವರ್ತ್ ಸ್ಪ್ಯಾನರೇ ಹಿಡಿದಿದ್ದು, ನಂಗೆ ಚೆನ್ನಾಗಿ ನೆನಪಿದೆ."

ಹೆಡ್ಡಿನ ನಟ್ಟು ಕೂರುವ ಉದ್ದನೆಯ ಸ್ಟಡ್ಡುಗಳಲ್ಲಿ ಒಂದನ್ನು ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿಕೊಂಡು ಗೋದಾ ಶನಿವಾರ ಬಳೇಪೇಟೆಗೆ ಹೋದಳು. ಕೈಗಾಡಿಗಳ ಸಂದಿಯಲ್ಲಿ ನುಗ್ಗಿ, ನಾರಾಯಣಪ್ಪನ ಬೋಲ್ಟಿನ ಅಂಗಡಿ ಹುಡುಕುವಷ್ಟರಲ್ಲಿ ಮಂಡಿ ನೋಯತೊಡಗಿತ್ತು. ಅವನು ಸ್ಟಡ್ಡನ್ನು ತಿರುಗಿಸಿ ನೋಡಿ, ಹಳೆಯ ಬಿಎಸ್ಎಫ್ ನಟ್ಟು ಒಂದೊಂದೇ ಹಾಕಿದ. ಚಿಕ್ಕದು ಹತ್ತಲಿಲ್ಲ. ಅದರ ಮುಂದಿನದು ಲೊಡಲೊಡ ಎಂದಿತು.

"ಸ್ಟಡ್ಡೇ ಸವೆದೋಗಿರ್ಬೇಕು ಮೇಡಂ" ಎಂದ.

ಮನೆಗೆ ಬಂದು ಹಾಗೆಂದಾಗ ರಾಮಾನುಜರ ಮುಖ ಕೆಂಪಾಯಿತು. "ಅದು ಸವೆಯೋ ಸ್ಟಡ್ಡಲ್ಲ. ನಿಂಗೆ ಸರಿಯಾಗಿ ತೋರ್ಸೋಕೆ ಬಂದಿಲ್ಲ."

"ಹಾಗಾದ್ರೆ ನೀವೇ ಹೋಗ್ಬನ್ನಿ" ಎಂದಳು ಗೋದಾ. ದನಿ ಏರಿಸಲೂ ಅವಳಲ್ಲಿ ಶಕ್ತಿಯಿರಲಿಲ್ಲ. "ನಂಗೆ ಸಾಕಾಗಿದೆ ರೀ. ಸ್ಕೂಲು, ಅಡುಗೆ, ನಿಮ್ಮ ಮಾತ್ರೆ, ಈಗ ಇದು."

ರಾಮಾನುಜರು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಒಳಗೆ ಹೋದರು.

ಭಾನುವಾರ ಬೆಳಗ್ಗೆ ಅಕ್ಕಿ ತೊಳೆದಿಟ್ಟು, ಗೋದಾ ಕಿಟಕಿಯ ಬಳಿ ಸ್ಟಡ್ಡನ್ನು ಮತ್ತೆ ಕೈಗೆತ್ತಿಕೊಂಡಳು. ಗೇಜಿನ ತಗಡುಗಳನ್ನೆಲ್ಲ ಇಟ್ಟು ನೋಡಿದಳು. ಪ್ರತಿಯೊಂದರಲ್ಲೂ ಬೆಳಕಿನ ಒಂದು ಗೆರೆ ಉಳಿಯುತ್ತಿತ್ತು. ಸವೆದಿದ್ದರೆ ಹಲ್ಲಿನ ತುದಿ ಮೊಂಡಾಗಿರಬೇಕಿತ್ತು. ಇವು ಚೂಪಾಗಿಯೇ ಇದ್ದವು. ಹಾಗಾದರೆ ತಪ್ಪು ಸ್ಟಡ್ಡಿನದಲ್ಲ, ನಾವು ಅಳೆಯುತ್ತಿರುವ ರೀತಿಯದು ಎನ್ನಿಸಿತು. ಶಾಲೆಯ ಚೀಲದಿಂದ ಸ್ಕೇಲು ತೆಗೆದು ಥ್ರೆಡ್ಡಿನ ಉದ್ದಕ್ಕೆ ಹಿಡಿದಳು. ಇಂಚಿನ ಕಡೆ ಯಾವ ಗೆರೆಯೂ ಹಲ್ಲಿಗೆ ಹೊಂದಲಿಲ್ಲ. ತಿರುಗಿಸಿದಳು. ಹತ್ತು ಹಲ್ಲಿಗೆ ಸರಿಯಾಗಿ ಹದಿನೈದು ಮಿಲಿಮೀಟರ್.

ಸ್ಕೇಲನ್ನು ಹಾಗೇ ಹಿಡಿದುಕೊಂಡು ಹೋಗಿ ಗಂಡನಿಗೆ ತೋರಿಸಿದಳು.

"ಇಂಗ್ಲಿಷ್ ಗಾಡೀಲಿ ಮಿಲಿಮೀಟರಾ?" ರಾಮಾನುಜರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಮಾರಿಸ್ ಕಂಪನಿಯವ್ರು ಯಾವ್ದೋ ಫ್ರೆಂಚರ ಎಂಜಿನ್ ಕಾರ್ಖಾನೆ ಕೊಂಡ್ಕೊಂಡಿದ್ರು ಅಂತ ಕೇಳಿದ್ದೆ. ಥ್ರೆಡ್ ಅವರ ಮಿಲಿಮೀಟರಿಂದು, ನಟ್ಟಿನ ತಲೆ ಮಾತ್ರ ಇವರ ಇಂಚಿಂದು. ನಾನು ಸ್ಪ್ಯಾನರ್ ನೋಡಿ ಮೋಸಹೋದೆ." ಕನ್ನಡಕ ತೆಗೆದು, "ನಿನ್ನೆ ನಿಂಗೆ ಸುಮ್‌ಸುಮ್ನೆ ಅಂದ್ಬಿಟ್ಟೆ" ಎಂದರು.

"ಇರ್ಲಿ ಬಿಡಿ. ಈಗ ಈ ನಟ್ಟು ಎಲ್ಲಿ ಹುಡುಕ್ಲಿ?"

"ಹುಡುಕೋದೇನು? ಸ್ಟಡ್ಡಿನ ದಪ್ಪ ಹತ್ತು ಎಂಎಂ, ಹಲ್ಲಿಗೆ ಒಂದೂವರೆ. ಮಾಮೂಲಿ ನಟ್ಟು. ಮೂಲೆ ಹಾರ್ಡ್‌ವೇರ್ ಅಂಗಡೀಲೂ ಸಿಗುತ್ತೆ."

ಗೋದಾ ಕುರ್ಚಿಯಲ್ಲಿ ಕುಸಿದು ಕೂತಳು. ನಗು ಬಂತು, ಆದರೆ ನಗಲೂ ಆಯಾಸವಾಗುತ್ತಿತ್ತು.

ಮರುವಾರ ಗೌರೀಶ್ ಇಬ್ಬರು ಆಳುಗಳೊಂದಿಗೆ ಟ್ರಕ್ ತಂದ. ಅವರು ಹೆಡ್ಡನ್ನು ಎತ್ತಿ ಕೂರಿಸಿಕೊಟ್ಟರು. "ನಾನ್ ಬಿಗೀತೀನಿ ಬಿಡಿ ಸರ್" ಎಂದು ಗೌರೀಶ್ ಸ್ಪ್ಯಾನರಿಗೆ ಕೈ ಚಾಚಿದ. ರಾಮಾನುಜರು ಅದನ್ನು ಹೆಂಡತಿಯ ಕೈಗೆ ಕೊಟ್ಟರು.

"ನಡುವಿಂದ ಶುರುಮಾಡು. ಒಂದೇ ಸಲಕ್ಕೆ ಪೂರ್ತಿ ಬಿಗೀಬೇಡ. ಈಗ ಎದುರಿನದು."

ಗೋದಾ ಅವರು ಹೇಳಿದಂತೆ ಬಿಗಿದಳು. ಹೊಸ ನಟ್ಟುಗಳು ಒಂದೂ ತಡೆಯದೆ ಇಳಿದವು. ಆಮೇಲೆ ಕಾರನ್ನು ತಳ್ಳಿ ಟ್ರಕ್ಕಿಗೇರಿಸಿದರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ಗೇಟಿನಲ್ಲಿ ನಿಂತಿದ್ದರು. ಈಗ ಅಳುತ್ತಾರೇನೋ ಎಂದು ಗೋದಾ ಗಂಡನನ್ನು ಓರೆಗಣ್ಣಿನಲ್ಲಿ ನೋಡಿದಳು.

"ಹೋಯ್ತಲ್ಲ, ಒಳ್ಳೇದಾಯ್ತು" ಎಂದರು ರಾಮಾನುಜರು. "ನಂಗೂ ಸಾಕಾಗಿತ್ತು ಗೋದಾ. ಕೈ ನಡುಗೋಕೆ ಶುರುವಾದಾಗ್ಲೇ ಸಾಕಾಗಿತ್ತು. ನಾನು ಶೆಡ್ಡಿಗೆ ಹೋಗೋದು ಬಿಟ್ರೆ ಕಾಯಿಲೆಗೆ ಹೆದರಿಬಿಟ್ರು ಅಂತ ನೀನು ಕುಗ್ಗಿಹೋಗ್ತೀಯ ಅಂದ್ಕೊಂಡು ದಿನಾ ಹೋಗಿ ಕೂರ್ತಿದ್ದೆ."

ಕಾರು ಮಾರಿಬಿಡಿ ಎಂಬ ಮಾತನ್ನು ಅವರು ನೊಂದುಕೊಳ್ಳುತ್ತಾರೆಂದು ಗೋದಾಳೂ ಇಷ್ಟು ವರ್ಷ ನುಂಗಿಕೊಂಡೇ ಬಂದಿದ್ದಳು.

"ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ" ಎಂದಳು.

"ನೀನೂ ಹೇಳ್ಬಹುದಿತ್ತು."

ಅಂದು ಮಧ್ಯಾಹ್ನ ಗೋದಾ ಅಡುಗೆ ಮಾಡಲಿಲ್ಲ. ಹೋಟೆಲಿನಿಂದ ತಂದ ಇಡ್ಲಿಯನ್ನು ಅವಳು ತುಂಡು ಮಾಡಿಕೊಟ್ಟಳು, ರಾಮಾನುಜರು ಚಮಚದಲ್ಲಿ ನಿಧಾನವಾಗಿ ತಿಂದರು. ಆಮೇಲೆ ಇಬ್ಬರೂ ಹಾಲಿನಲ್ಲೇ ಚಾಪೆ ಹಾಸಿಕೊಂಡು, ಫ್ಯಾನಿನ ಕೆಳಗೆ ಸಂಜೆಯವರೆಗೆ ಮಲಗಿ ನಿದ್ದೆ ಹೋದರು.