ಗೋರಿಯೊಳಗೆ ಕಾಲಿಡದ ಗೈಡು

ಈಜಿಪ್ಟಿನ ಲಕ್ಸರಿನಲ್ಲಿ, ನೈಲ್ ನದಿಯ ಪಶ್ಚಿಮ ದಡದಲ್ಲಿ, ಶಾಜ್ಲಿಯಂಥ ಗೈಡು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟಿದರೆ ಆ ಹೆತ್ತವಳಿಗೆ ದೇವರೇ ದಿಕ್ಕು. ಅವನು ಬಾಯಿ ತೆರೆದರೆ ಸತ್ತ ಫೇರೋಗಳೂ ಎದ್ದು ಕೂತು ಕೇಳುತ್ತಿದ್ದರು. ತಮ್ಮ ಬಗ್ಗೆ ತಮಗೇ ಗೊತ್ತಿಲ್ಲದ ಸಂಗತಿಗಳು ಅವನಿಗೆ ಗೊತ್ತಿದ್ದವಲ್ಲ! ರಸ್ತೆ ಬದಿಯ ದೈತ್ಯ ಮೆಮ್ನೋನ್ ಪ್ರತಿಮೆಗಳ ಮುಖ ಸವೆದದ್ದು ಮರಳುಗಾಳಿಯಿಂದಲ್ಲ, ಶಾಜ್ಲಿಯ ಮಾತು ಬಡಿದು ಬಡಿದು ಎಂದು ಟ್ಯಾಕ್ಸಿಯವರು ಹೇಳುತ್ತಿದ್ದುದು ಪೂರ್ತಿ ಸುಳ್ಳೇನಲ್ಲ.

ಇಂಥ ಶಾಜ್ಲಿ, ಇಷ್ಟು ವರ್ಷದ ಗೈಡುಗಿರಿಯಲ್ಲಿ, ಒಂದೇ ಒಂದು ಗೋರಿಯೊಳಗೆ ಕಾಲಿಟ್ಟವನಲ್ಲ.

ನಂಬುವುದು ಕಷ್ಟ, ಆದರೆ ಫೇರೋಗಳ ಗೋರಿಗಳಿರುವ ರಾಜರ ಕಣಿವೆಯಲ್ಲಿ ಒಂದು ಕಟ್ಟಳೆಯಿದೆ. ಗೈಡಾದವನು ಗೋರಿಯೊಳಗೆ ನಿಂತು ವಿವರಣೆ ಕೊಡಕೂಡದು. ಹೇಳುವುದೆಲ್ಲ ಹೊರಗೇ ಹೇಳಿ, ಪ್ರವಾಸಿಗಳನ್ನು ಒಳಗೆ ಕಳಿಸಿ, ತಾನು ನೆರಳಿನಲ್ಲಿ ಚಹಾ ಕುಡಿಯುತ್ತ ಕಾಯಬೇಕು. ಉಳಿದ ಗೈಡುಗಳು ಈ ಕಟ್ಟಳೆಗೆ ಹಿಡಿಶಾಪ ಹಾಕುತ್ತಿದ್ದರು. ಶಾಜ್ಲಿ ಮಾತ್ರ ಅದನ್ನು ತಂದ ಪುಣ್ಯಾತ್ಮನಿಗಾಗಿ ಐದು ಹೊತ್ತಿನ ನಮಾಜಿನಲ್ಲೂ ದುವಾ ಬೇಡುತ್ತಿದ್ದ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆಯಾಡುವಾಗ ಅವನು ಅಜ್ಜಿಯ ಮಣ್ಣಿನ ಕಣಜದಲ್ಲಿ ಬಚ್ಚಿಟ್ಟುಕೊಂಡಿದ್ದ. ಮೇಲಿನ ಮುಚ್ಚಳ ಬಿದ್ದುಬಿಟ್ಟಿತ್ತು. ಅಜ್ಜಿ ಗೋಧಿಗೆಂದು ಬಂದು ತೆಗೆಯುವ ಹೊತ್ತಿಗೆ ಹುಡುಗ ಅರ್ಧ ಗೋಧಿಯೇ ಆಗಿದ್ದ. ಅಂದಿನಿಂದ ಬಾಗಿಲು ಹಾಕಿದ ಕೋಣೆ ಕಂಡರೆ ಅವನು ಹಿಂದೆ ತಿರುಗಿ ಓಡುತ್ತಿದ್ದ. ಕಾಲೇಜಿನ ಮೇಷ್ಟ್ರು ಗೋರಿ ತೋರಿಸಲು ಕರೆದೊಯ್ದಾಗಲೆಲ್ಲ ಅವನಿಗೆ ಹೊಟ್ಟೆನೋವಿನ ನೆಪ. ಮನೆಯಲ್ಲಿ ಸ್ನಾನ ಕೂಡ ಬಾಗಿಲು ತೆರೆದಿಟ್ಟೇ. ಅಕ್ಕಪಕ್ಕದವರು ಆ ಹೊತ್ತಿಗೆ ಬೇರೆ ಬೀದಿಯಲ್ಲಿ ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದರು.

ಈ ಗುಟ್ಟು ಹೀಗೇ ಮಣ್ಣಾಗುತ್ತಿತ್ತೇನೋ. ಆದರೆ ಹತ್ತಿರದ ಊರು ಅರ್ಮಂತಿನ ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ವಿಸಾಲ್ ಎಂಬ ಮೇಡಂ ಬಂದಳು. ಅವನ ಮಾತೆಲ್ಲ ತಾಳ್ಮೆಯಿಂದ ಕೇಳಿ, ಕೊನೆಗೆ, "ಇದರಲ್ಲಿ ನಿಜ ಎಷ್ಟು?" ಎಂದಳು.

"ನಿಮ್ಮನ್ನ ನೋಡಿದ್ಮೇಲೆ ಸುಳ್ಳು ಹೇಳೋಕೆ ನಾಲಿಗೇನೇ ಹೊರಳ್ತಿಲ್ಲ," ಎಂದ ಶಾಜ್ಲಿ.

ಅದೂ ಸುಳ್ಳೆಂದು ಅವಳಿಗೆ ತಿಳಿಯಿತು. ನಕ್ಕಳು. ಆ ನಗೆಗೆ ನೈಲ್ ನದಿ ಗೇಣುದ್ದ ಏರಿತು.

ತೊಡಕಿದ್ದದ್ದು ಅವಳಪ್ಪನಲ್ಲಿ. ಹಾಜಿ ದರ್ದೀರ್ ಅರ್ಮಂತಿನಲ್ಲಿ ಕಬ್ಬಿನ ಗಾಣ ಇಟ್ಟು ಜೋನಿಬೆಲ್ಲ ಕಾಯಿಸುವವನು; ಆಳು ಎಷ್ಟು ದಪ್ಪವೆಂದರೆ ಅವನು ಗಾಣದ ಪಕ್ಕ ನಿಂತರೆ ಬಂದವರು ಇಬ್ಬರಲ್ಲಿ ಯಾವುದು ಗಾಣ ಎಂದು ಕೇಳಬೇಕಿತ್ತು. ಅರವತ್ತು ವರ್ಷದಲ್ಲಿ ಒಂದು ಸುಳ್ಳೂ ಆಡಿದವನಲ್ಲ, ಆಡಿದವರನ್ನು ಹೊಸಿಲು ದಾಟಿಸಿದವನೂ ಅಲ್ಲ. ಹಿಂದೆ ಬಂದ ವರನೊಬ್ಬ ತನ್ನ ಎಮ್ಮೆ ಕೊಡ ತುಂಬ ಹಾಲು ಕೊಡುತ್ತದೆ ಎಂದಿದ್ದ. ಮರುದಿನ ನಸುಕಿಗೇ ಹಾಜಿ ಹೋಗಿ, ತಾನೇ ಕೂತು ಹಾಲು ಕರೆದು, ಕೊಡ ತುಂಬದ್ದನ್ನು ಊರಿಗೆಲ್ಲ ತೋರಿಸಿ, ಸಂಬಂಧ ಮುರಿದುಕೊಂಡು ಬಂದಿದ್ದ.

ಹೆಣ್ಣು ಕೇಳಲು ಹೋಗಿ ಅಂಥವನ ಮುಂದೆ ಕೂತು, ಮೊದಲ ಚಹಾದ ಬಿಸಿಯಲ್ಲೇ, ಶಾಜ್ಲಿ ಹೇಳಿಬಿಟ್ಟ: "ಗೋರಿ ಅಂದ್ರೆ ನಂಗೆ ನಮ್ಮನೆ ಹಜಾರ ಇದ್ದ ಹಾಗೆ ಹಾಜಿಯವರೇ. ಮೂರನೇ ಥುತ್ಮೋಸನ ಗೋರೀಲಿ ಒಂದು ರಾತ್ರಿ ಒಬ್ಬನೇ ಮಲಗಿದ್ದೆ. ಗೊರಕೆ ಹೊಡ್ಕೊಂಡು!"

ಹಾಜಿ ಗಾಜಿನ ಲೋಟ ಕೆಳಗಿಟ್ಟ. "ಹಾಗಾದ್ರೆ ಮುಂದಿನ ಶುಕ್ರವಾರ ನಮ್ಮನ್ನ ಒಂದಿನ ಸುತ್ತಿಸು. ನಿನ್ನ ಮಾತಲ್ಲಿ ಹುಳುಕು ಕಾಣದೇ ಇದ್ರೆ ಫಾತಿಹಾ ಓದೋಣ. ಕಂಡ್ರೆ, ನಿನ್ನ ದಾರಿ ನಿಂಗೆ."

ಫಾತಿಹಾ ಎಂದರೆ ಅಲ್ಲಿಗೆ ಮುಗಿಯಿತು. ಹೆಣ್ಣಿನ ಕಡೆಯವನೂ ಗಂಡೂ ಕುರಾನಿನ ಆ ಮೊದಲ ಅಧ್ಯಾಯವನ್ನು ಅಂಗೈ ಎತ್ತಿ ಕೂಡಿ ಓದಿದರೆಂದರೆ ಮಾತು ಕೊಟ್ಟಂತೆ. ಓದಿ ಹಿಂದೆಗೆದವನು ಆಮೇಲೆ ಅರ್ಮಂತಿನಲ್ಲಿ ಕತ್ತೆಯ ಮುಂದೂ ತಲೆ ಎತ್ತಲಾರ.

ಶುಕ್ರವಾರ ಬಂದಿತು. ಹಾಜಿ, ವಿಸಾಲ್, ಹಾಜಿಯ ಅಕ್ಕ ಬಹೀಯಾ. ಬಹೀಯಾ ಅತ್ತೆಯ ಬುಟ್ಟಿಯಲ್ಲಿ ಬಿಸಿಲಿಗೆ ಉಬ್ಬಿಸಿ ಸುಟ್ಟ ರೊಟ್ಟಿ, ಉಪ್ಪುಗಿಣ್ಣು, ಒಂದು ತೋಟದಷ್ಟು ಈರುಳ್ಳಿ. ಬಿಸಿಲು ಹೇಗಿತ್ತೆಂದರೆ, ನೆರಳುಗಳೇ ನೆರಳು ಹುಡುಕುತ್ತಿದ್ದವು. ಮೆಮ್ನೋನ್ ಪ್ರತಿಮೆಗಳ ಬಳಿ ಶಾಜ್ಲಿ ಮಿಂಚಿದ. ಹತ್ಶೆಪ್ಸುತ್ ರಾಣಿಯ ದೇವಾಲಯದಲ್ಲಿ ಗುಡುಗಿದ. ಎರಡೂ ಬಯಲು, ಗಾಳಿಯಾಡುವ ಜಾಗ. ಆದರೆ ಗಾಡಿ ಕಣಿವೆಯ ಕಡೆ ತಿರುಗಿ ಎರಡೂ ಬದಿಯ ಬೋಳುಗುಡ್ಡಗಳು ಹತ್ತಿರವಾದಂತೆ ಅವನ ಮಾತು ಇಳಿಯುತ್ತ ಬಂತು.

ಥುತ್ಮೋಸನ ಗೋರಿ ಬಂಡೆಯ ಎತ್ತರದ ಸಂದಿನಲ್ಲಿದೆ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಿ, ಅಲ್ಲಿಂದ ಬಂಡೆಯ ಹೊಟ್ಟೆಗೆ ಇಳಿಯಬೇಕು. ಶಾಜ್ಲಿ ಕೆಳಗೇ ನಿಂತು ಎಲ್ಲ ಹೇಳಿ ಮುಗಿಸಿದ. ಒಳಗಿನ ದೇವತೆಗಳು ಆಳೆತ್ತರ, ಮೈತುಂಬ ಚಿನ್ನದ ಬಣ್ಣ, ಕಣ್ಣು ನಿಮ್ಮನ್ನೇ ಹಿಂಬಾಲಿಸುತ್ತವೆ! "ಸರಿ, ನೀವು ನೋಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ."

"ನೀನೂ ಬಾ," ಎಂದ ಹಾಜಿ.

"ಕಟ್ಟಳೆ ಇದೆ ಹಾಜಿಯವರೇ. ಗೈಡು ಒಳಗೆ ಮಾತಾಡೋ ಹಾಗಿಲ್ಲ."

"ಮಾತಾಡಬಾರದು ತಾನೇ? ಬಾಯಿ ಮುಚ್ಕೊಂಡು ಬಾ."

ಇಷ್ಟು ವರ್ಷ ಕಾಪಾಡಿದ ಕಟ್ಟಳೆ ಒಂದೇ ಏಟಿಗೆ ಕುಸಿಯಿತು. ಹಾಜಿ ಅವನ ಅಂಗಿಯ ತೋಳು ಹಿಡಿದೇ ಮೆಟ್ಟಿಲು ಹತ್ತಿದ. ಓಡಿಹೋಗದ ಹಾಗೆ ಹಿಡಿದಿದ್ದಾನೆ ಎಂದುಕೊಂಡ ಶಾಜ್ಲಿ. ಕುರಿಯನ್ನು ಬಕ್ರೀದಿಗೆ ಕರೆದೊಯ್ಯುವುದೂ ಹೀಗೆಯೇ.

ಬಾಗಿಲಲ್ಲಿ ಕೂತ ಕಾವಲುಗಾರ ಕಣ್ಣು ಬಿಟ್ಟ. "ಅರೇ, ಶಾಜ್ಲಿ! ನೀನು ಒಳಕ್ಕಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನೋ ಮಾರಾಯ?"

"ಏನಂದ ಅವನು?" ಎಂದ ಹಾಜಿ.

"ತಮಾಷೆ ಮಾಡ್ತಾನೆ. ದಿನಾ ಮಾಡ್ತಾನೆ," ಎಂದ ಶಾಜ್ಲಿ. ದನಿ ಆಗಲೇ ಸೊಳ್ಳೆಯದಾಗಿತ್ತು.

ಇಳಿದರು. ಮೆಟ್ಟಿಲು ಕಡಿದಾಗಿತ್ತು, ಸೂರು ತಲೆಗೆ ತಾಗುತ್ತಿತ್ತು, ಸೆಕೆ ಅಂದರೆ ಹಾಜಿಯ ಬೆಲ್ಲದ ಕೊಪ್ಪರಿಗೆಯೊಳಗೆ ಇಳಿದ ಹಾಗೆ. ಬಾಗಿಲಿನ ಬೆಳಕು ಮೊದಲು ರೊಟ್ಟಿಯಷ್ಟಿತ್ತು, ಆಮೇಲೆ ಕಾಸಿನಷ್ಟಾಯಿತು, ಆಮೇಲೆ ಇಲ್ಲವಾಯಿತು. ಆಳವಾದ ಗುಂಡಿಯ ಮೇಲೊಂದು ಸಣ್ಣ ಸೇತುವೆ. ಅದನ್ನು ದಾಟಿ, ಕಂಬದ ಕೋಣೆ ಹಾಯ್ದು, ಇನ್ನೂ ಕೆಳಗೆ. ಶಾಜ್ಲಿಯ ಎದೆ ಡೋಲು ಬಡಿಯುತ್ತಿತ್ತು. ಥುತ್ಮೋಸ್ ಬದುಕಿದ್ದರೆ ದಂಡು ಬಂತೆಂದು ರಥ ಏರುತ್ತಿದ್ದ.

ಕಡೆಯ ಕೋಣೆ ಮೊಟ್ಟೆಯಾಕಾರದ್ದು. ನೀಲಿ ಸೂರಿನ ತುಂಬ ನಕ್ಷತ್ರ. ಆದರೆ ಗೋಡೆಯಲ್ಲಿ ಚಿನ್ನವೂ ಇಲ್ಲ, ಆಳೆತ್ತರದ ದೇವತೆಗಳೂ ಇಲ್ಲ. ಕಡ್ಡಿಯಂಥ ಕೈಕಾಲಿನ ಸಣ್ಣ ಸಣ್ಣ ಗೊಂಬೆಗಳು, ಶಾಲೆಯ ಮಗು ಸ್ಲೇಟಿನ ಮೇಲೆ ಗೀಚಿದಂತೆ, ನೂರಾರು, ಸಾಲಾಗಿ ನಡೆದಿದ್ದವು. ಶಾಜ್ಲಿ ಬಾಯಿ ಬಿಟ್ಟುಕೊಂಡು ನೋಡಿದ. ಇಷ್ಟು ಚೆಂದದ್ದನ್ನು ಬಿಟ್ಟು ತಾನು ಚಿನ್ನ ಗಿನ್ನ ಎಂದು ಬೊಗಳುತ್ತಿದ್ದೆನಲ್ಲ ಎಂದು ಒಂದು ಗಳಿಗೆ ಹೆದರಿಕೆಯೂ ಮರೆತುಹೋಯಿತು.

ವಿಸಾಲ್ ಗೋಡೆ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು. "ಇದೇ ಮೊದಲ ಸಲ ಅಲ್ವಾ?" ಎಂದಳು ಮೆಲ್ಲಗೆ.

ಅವನು ಉತ್ತರಿಸುವ ಮೊದಲೇ ಮೆಟ್ಟಿಲ ಮೇಲೆ ಗುಡುಗಿದಂಥ ಸದ್ದು. ನದಿಯ ಹಡಗೊಂದರ ಪ್ರವಾಸಿಗಳೆಲ್ಲ ಒಟ್ಟಿಗೇ ಇಳಿಯತೊಡಗಿದ್ದರು. ಒಬ್ಬರ ಬೆನ್ನಿಗೆ ಒಬ್ಬರು, ದಾರಿ ತುಂಬ, ಸೇತುವೆ ತುಂಬ, ಇಡೀ ಯುರೋಪು ಖಾಲಿಯಾಗಿ ಬಂದಂತೆ. ಅವರೆಲ್ಲ ಇಳಿದು ಮುಗಿಯುವ ತನಕ ಒಬ್ಬನೂ ಹತ್ತುವಂತಿರಲಿಲ್ಲ. ಬಹೀಯಾ ಅತ್ತೆ ಬುಟ್ಟಿಯ ಸಮೇತ ಕೋಣೆಯ ಬಾಗಿಲ ಹತ್ತಿರ ಸಿಕ್ಕಿಕೊಂಡಳು. ಹಾಜಿ ಮತ್ತು ಶಾಜ್ಲಿ ಕೆಂಪು ಕಲ್ಲಿನ ಶವಪೆಟ್ಟಿಗೆಗೆ ಒತ್ತಿಕೊಂಡರು. ಮುಂದೆ ಜನ, ಹಿಂದೆ ಕಲ್ಲು, ಮೇಲೆ ಬೆಟ್ಟ. ಶಾಜ್ಲಿಯ ಮೂಗಿಗೆ ಗೋಧಿಯ ಧೂಳಿನ ವಾಸನೆ ಬಡಿಯಿತು. ಕಣಜದ ಮುಚ್ಚಳ ಬಿತ್ತು. ಈ ಸಲ ಅಜ್ಜಿ ಬರುವುದಿಲ್ಲ. ಸತ್ತು ಎಷ್ಟೋ ಕಾಲವಾಗಿದೆ. ಕೂಗಿದರೆ ವಿಸಾಲ್ ಕೈತಪ್ಪುತ್ತಾಳೆ. ಕೂಗದಿದ್ದರೆ ಎದೆ ಒಡೆಯುತ್ತದೆ.

ಸಾಯುವವನು ಏನು ಮಾಡುತ್ತಾನೆ? ಶಾಜ್ಲಿ ಎರಡೂ ಅಂಗೈ ಎತ್ತಿ, ಕಣ್ಣು ಮುಚ್ಚಿ, ಸತ್ತವರಿಗೆ ಓದುವಂತೆ ತನ್ನ ಆತ್ಮಕ್ಕೆ ತಾನೇ ಗಟ್ಟಿಯಾಗಿ ಫಾತಿಹಾ ಓದತೊಡಗಿದ.

ಎರಡನೆಯ ಸಾಲಿಗೆ ಪಕ್ಕದಲ್ಲಿ ಇನ್ನೊಂದು ದನಿ ಕೂಡಿತು. ಹಾಜಿ ದರ್ದೀರ್! ಅವನದೂ ಅಂಗೈ ಮೇಲೆದ್ದಿತ್ತು, ಕಣ್ಣು ಮುಚ್ಚಿತ್ತು. ಇಬ್ಬರೂ ಕೂಡಿ ಕೊನೆಯ ತನಕ ಓದಿದರು, ಆಮೀನ್ ಎಂದರು, ಅಂಗೈಯಿಂದ ಮುಖ ಒರೆಸಿಕೊಂಡರು.

ಬಾಗಿಲ ಹತ್ತಿರ ಬಹೀಯಾ ಅತ್ತೆ ಇದನ್ನು ಕಂಡಳು. ಹೆಣ್ಣಿನ ತಂದೆ, ಗಂಡು, ಎತ್ತಿದ ಅಂಗೈ, ಫಾತಿಹಾ. ಇನ್ನೇನು ಬೇಕು? ನಾಲಿಗೆ ತಿರುವಿ ಮಂಗಳದ ಉಲಿ ಹಾಕಿದಳು ನೋಡಿ, ಸೂರಿನ ನಕ್ಷತ್ರಗಳು ನಾಲ್ಕು ಉದುರಿದವು. "ಮಬ್ರೂಕ್! ಶುಭವಾಗಲಿ! ಓದಿಬಿಟ್ರು!" ಪ್ರವಾಸಿಗಳಿಗೆ ಏನೂ ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು.

ಕೊನೆಗೂ ಹೊರಬಂದು ನೆರಳಿನ ಬೆಂಚಿನಲ್ಲಿ ಕೂತಾಗ ಬಹೀಯಾ ಅತ್ತೆ ಆಗಲೇ ಫೋನಿನಲ್ಲಿದ್ದಳು. ಅರ್ಮಂತಿಗೆಲ್ಲ ಸುದ್ದಿ ಹೋಗಿತ್ತು. ಮದುವೆಗೆ ಎಷ್ಟು ಹೋರಿ ಕಡಿಯಬೇಕು ಎಂಬಲ್ಲಿಗೆ ಮಾತು ಮುಟ್ಟಿತ್ತು.

ಹಾಜಿ ಚಹಾದ ಲೋಟ ಹಿಡಿದು, ಶಾಜ್ಲಿಯ ಕಡೆ ತಿರುಗಿದ. "ಒಂದು ಕೇಳ್ತೀನಿ. ಒಳಗೆ ಫಾತಿಹಾ ಯಾಕೆ ಶುರು ಮಾಡ್ದೆ?"

ಗೋರಿಗಿಂತ ಇಕ್ಕಟ್ಟಿನ ಜಾಗ ಇದು. ನಿಜ ಹೇಳಿದರೆ ಆ ಫಾತಿಹಾ ಮದುವೆಯದಲ್ಲ, ವಿಸಾಲ್ ಸಿಗುವುದಿಲ್ಲ. ಸುಳ್ಳು ಹೇಳಿದರೆ ಸಿಗುತ್ತಾಳೆ, ಆದರೆ ಅವಳು ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದಾಳೆ, ಅವಳಿಗೆ ಎಲ್ಲ ಗೊತ್ತು. ಶಾಜ್ಲಿಯ ನಾಲಿಗೆಯ ತುದಿಗೆ ಚೆಂದಚೆಂದದ ಸುಳ್ಳುಗಳು ಬಂದು ಸಾಲುಗಟ್ಟಿದವು. ಒಂದೊಂದನ್ನೇ ನುಂಗಿದ.

"ಸತ್ತೇ ಹೋಗ್ತೀನಿ ಅನ್ನಿಸ್ತು ಹಾಜಿಯವರೇ. ನನ್ನ ಹೆಣಕ್ಕೆ ನಾನೇ ಓದ್ಕೊಂಡೆ. ಅಲ್ಲಿ ನಾನು ಮಲಗಿಲ್ಲ. ಈವರೆಗೆ ಯಾವ ಗೋರಿಗೂ ಹೋಗೇ ಇಲ್ಲ. ಮುಚ್ಚಿದ ಜಾಗ ಅಂದ್ರೆ ನಂಗೆ ಪ್ರಾಣಭಯ."

ಹಾಜಿಯ ಮುಖ ಕಾದ ಬೆಲ್ಲದ ಬಣ್ಣಕ್ಕೆ ತಿರುಗಿತು. ಏಳಲು ಹೊರಟ. ಆಗ ವಿಸಾಲ್ ರೊಟ್ಟಿಯಿಂದ ಕಣ್ಣೆತ್ತದೆ ಕೇಳಿದಳು:

"ಅಪ್ಪಾ, ಇವರು ಓದಿದ್ದು ಹೆದರಿ. ನೀವ್ಯಾಕೆ ಓದಿದ್ರಿ?"

ಏಳಹೊರಟ ಹಾಜಿ ಹಾಗೇ ಕೂತ. ಕೈಯ ಲೋಟದ ಚಹಾ ಅರ್ಧ ಅವನ ಮಡಿಲಿಗೆ ಚೆಲ್ಲಿತು. ಇನ್ನೊಂದು ಕೈ ಏನು ಮಾಡುತ್ತಿದೆ ಎಂದು ಶಾಜ್ಲಿ ಆಗ ನೋಡಿದ. ಆ ಕೈ ಗೋರಿಯ ಮೆಟ್ಟಿಲು ಹತ್ತುವಾಗ ಹಿಡಿದ ಅವನ ಅಂಗಿಯ ತೋಳನ್ನು, ಅಂಗೈ ಎತ್ತಿದ್ದಷ್ಟು ಹೊತ್ತು ಬಿಟ್ಟರೆ, ಇನ್ನೂ ಬಿಟ್ಟಿರಲಿಲ್ಲ. ತೋಳು ಹಿಂಡಿ ಹಿಂಡಿ ಕಬ್ಬಿನ ಸಿಪ್ಪೆಯಂತಾಗಿತ್ತು.

ಬಹೀಯಾ ಅತ್ತೆಯ ಫೋನಿನೊಳಗಿಂದ ಅರ್ಮಂತಿನ ಹೆಂಗಸರ ಮಂಗಳದ ಉಲಿ ಕೇಳುತ್ತಿತ್ತು. ಹಾಜಿ ಆಕಾಶ ನೋಡಿದ, ಗುಡ್ಡ ನೋಡಿದ, ಮಗಳನ್ನು ನೋಡಿದ. ಅರವತ್ತು ವರ್ಷದ ನಿಜವೆಲ್ಲ ಒಟ್ಟಾಗಿ ಅವನ ಗಂಟಲಿಗೆ ಅಡ್ಡ ನಿಂತಿತು.

"ನಾನಾ? ನಾನು... ನಿಂಗೋಸ್ಕರ ಓದಿದ್ದಮ್ಮ. ಸಂಬಂಧ ಗಟ್ಟಿಯಾಗಲಿ ಅಂತ."

ಕಸುಬಿನವನಾದ ಶಾಜ್ಲಿಗೆ ಆ ಸುಳ್ಳು ತೀರ ಎಳಸಾಗಿ ಕಂಡಿತು. ನಡುವೆ ತಡವರಿಸಬಾರದಿತ್ತು, ಕಣ್ಣು ಕೆಳಗೆ ಹಾಕಬಾರದಿತ್ತು. ಆದರೂ ಲೋಕದಲ್ಲಿ ಅದಕ್ಕಿಂತ ಸೊಗಸಾದ ಸುಳ್ಳನ್ನು ಅವನು ಕೇಳಿರಲಿಲ್ಲ. ವಿಸಾಲ್ ನಕ್ಕು, ರೊಟ್ಟಿಯನ್ನು ಎರಡು ಮಾಡಿ ಇಬ್ಬರಿಗೂ ಕೊಟ್ಟಳು.

ಬಹೀಯಾ ಅತ್ತೆ ಫೋನು ಇಟ್ಟು ಬುಟ್ಟಿ ಎತ್ತಿಕೊಂಡಳು. "ಏಳ್ರೀ! ಈ ಟಿಕೀಟಿಗೆ ಇನ್ನೂ ಎರಡು ಗೋರಿ ಇದೆಯಂತೆ. ಅಳಿಯಂದ್ರೇ, ಮುಂದೆ ನಡೀರಿ. ಗೋರೀಲಿ ಮಲಗೋ ಗಂಡಸು ನೀವು!"

ಶಾಜ್ಲಿ ಬಾಯಿ ತೆರೆಯುವ ಮೊದಲೇ ಹಾಜಿ ದರ್ದೀರ್ ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಬೆಂಚಿಗೆ ಅಂಟಿ ಕೂತ.

"ನೀವಿಬ್ರು ನೋಡ್ಕೊಂಡು ಬನ್ನಿ ಅಕ್ಕಾ," ಎಂದ. "ಗೈಡು ಒಳಗೆ ಹೋಗೋ ಹಾಗಿಲ್ಲ. ಕಟ್ಟಳೆ ಇದೆ."