ನಾಲ್ಕನೆಯ ತಂತಿ

ಏನೋ ಚುಚ್ಚುತ್ತಿದೆ, ಪ್ಯಾಂಟಿನ ಜೇಬಿನೊಳಗಿಂದ ತೊಡೆಗೆ, ಹಗ್ಗ ಎಳೆದಾಗಲೆಲ್ಲ ಚುಕ್ ಎನ್ನುತ್ತದೆ, ಪೆನ್ಸಿಲ್ ಇರಬೇಕು, ಬುಟ್ಟಿಗೆ ಗುರುತು ಹಾಕಿದ್ದು, ಇನ್ನೇನಿರುತ್ತದೆ — ಕೈ ಹಾಕಿ ನೋಡೋಣವೆಂದರೆ ಎರಡೂ ಕೈ ಹಗ್ಗದ ಮೇಲೆ, ಹಗ್ಗದ ಆ ತುದಿಯಲ್ಲಿ ಅಕ್ಕ, ಅಕ್ಕನ ಬೆನ್ನಿನ ಚೀಲದಲ್ಲಿ ಹದ್ದಿನ ಮರಿ. ಮೇಲೆ ನೋಡಬಾರದು, ನೋಡಿದರೆ ತಲೆ ಸುತ್ತುತ್ತದೆ, ನೋಡಿಬಿಟ್ಟೆ, ಅಕ್ಕನ ಬೂಟಿನ ಅಡಿ, ಅದರಾಚೆ ಕವಲಿನಲ್ಲಿ ನಾನು ಹೆಣೆದ ಬುಟ್ಟಿ, ಕೆಳಗಿನಿಂದ ಅದೆಷ್ಟು ಚಿಕ್ಕದು, ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಹಿಡಿಸದೆ ಓರೆ ಮಾಡಿ ಸಾಗಿಸಿದ್ದೆವು. ಕುರ್ಚಿಗೆ ಬೆತ್ತ ಹೆಣೆಯುವವಳು ನಾನು, ನನಗೇಕೆ ಬೇಕಿತ್ತು ಹದ್ದಿನ ಗೂಡಿನ ಉಸಾಬರಿ, ಅಕ್ಕನಾದರೆ ದಿನವೂ ಕರೆಂಟು ಕಂಬ ಹತ್ತುವವಳು, ಮೊನ್ನೆಯ ಗಾಳಿಗೆ ಗೂಡು ಬಿದ್ದು ಒಂದೇ ಮರಿ ಉಳಿದದ್ದನ್ನು ಕಂಡವಳೂ ಅವಳೇ, ರಟ್ಟಿನ ಡಬ್ಬದಲ್ಲಿ ತಂದು ಮೇಜಿನ ಮೇಲಿಟ್ಟು, ಲೇ ಪುಕ್ಕಲಿ, ದೊಡ್ಡದೊಂದು ಬುಟ್ಟಿ ಹೆಣಿ, ಇದರಮ್ಮ ಇನ್ನೂ ನೀರಿನ ಟ್ಯಾಂಕಿನ ಮೇಲೇ ಕೂತಿದಾಳೆ, ಅವಳು ಹೋದ್ಳು ಅಂದ್ರೆ ಇದರ ಕತೆ ಮುಗೀತು ಎಂದಳು. ಪುಕ್ಕಲಿ, ಚಿಕ್ಕಂದಿನಿಂದ ಅದೇ ಹೆಸರು, ಮೈಮೇಲೆ ಒಂದು ಪುಕ್ಕ ಇಲ್ಲ, ಹೆಸರು ನೋಡು ಎಂದು ನಗುವುದು, ನಗಲಿ, ಬೀಗ ಹಾಕಿದೆನಾ ಎಂದು ಅರ್ಧ ದಾರಿಯಿಂದ ತಿರುಗಿ ಬರುವವಳು ನಾನೇ ತಾನೆ. ಮರದಡಿ ಮಾತಿಲ್ಲ, ತಾಯಿ ಬೆದರುತ್ತಾಳೆ, ಹಗ್ಗ ಒಂದು ಸಲ ಜಗ್ಗಿದರೆ ಸಡಿಲ ಬಿಡು, ಎರಡು ಸಲ ಅಂದರೆ ನಿಲ್ಲು — ಆಗಲೇ ಎರಡು ಬಾರಿ ನಿಲ್ಲಿಸಿದ್ದೇನೆ, ಒಣಕೊಂಬೆ ಎಂದುಕೊಂಡದ್ದು ನೆರಳು, ತಾಯಿ ಹಾರಿದಳು ಎಂದುಕೊಂಡರೆ ಅವಳು ರೆಕ್ಕೆ ಕೊಡವಿದ್ದಷ್ಟೆ, ಅಕ್ಕ ಮೇಲಿನಿಂದ ತೋರುಬೆರಳು ಆಡಿಸಿದಳು, ಹಗ್ಗ ಕಂಡ್ರೂ ಹಾವು ಅಂತೀಯಲ್ಲೇ ಎನ್ನುವ ಬೆರಳು ಅದು.

ಚುಕ್. ಪೆನ್ಸಿಲಿನ ಮೊನೆ ಬೆಳಿಗ್ಗೆಯೇ ಮುರಿದಿತ್ತಲ್ಲ, ಮೊಂಡು ಪೆನ್ಸಿಲ್ ಚುಚ್ಚುತ್ತದೆಯೇ, ಮತ್ತೆ ಇದೇನು — ತಂತಿ, ಬುಟ್ಟಿಯನ್ನು ಅದನ್ನು ಹೊರುವ ಕಬ್ಬಿಣದ ಚೌಕಟ್ಟಿಗೆ ಬಿಗಿಯಲು ನಾಲ್ಕು ತುಂಡು ಕತ್ತರಿಸಿ ಇದೇ ಜೇಬಿಗೆ ಹಾಕಿಕೊಂಡಿದ್ದೆ, ನಾಲ್ಕು ಮೂಲೆಗೆ ನಾಲ್ಕು, ಅಮ್ಮ ಬಟ್ಟೆ ಒಗೆಯುವಾಗ ಬೈಯುತ್ತಾಳೆ, ಅದು ಜೇಬೋ ಗುಜರಿ ಅಂಗಡಿಯೋ. ನೆನಪು ಮಾಡಿಕೊ, ನಿಧಾನ, ಒಂದು ಬಿಗಿದೆ, ಎರಡು ಬಿಗಿದೆ, ಮೂರನೆಯದನ್ನು ಇಕ್ಕಳದಲ್ಲಿ ತಿರುಚುವಾಗ ಡಬ್ಬದೊಳಗೆ ಮರಿ ಕಿರುಚಿತು, ಎದ್ದು ಹೋದೆ, ಅಂಗಾತ ಬಿದ್ದು ಕಾಲು ಝಾಡಿಸುತ್ತಿತ್ತು, ಎತ್ತಿ ಕೂರಿಸಿದರೆ ನನ್ನ ಬೆರಳನ್ನೇ ಹಿಡಿದು ಬಿಡಲೊಲ್ಲದು, ಅಯ್ಯೋ ಕಂದ, ನೀನೂ ನನ್ನ ಜಾತಿಯೇ ಎಂದೆ, ಆಮೇಲೆ ಬಂದು, ಬಂದು ಏನು ಮಾಡಿದೆ, ಗೋಣಿತಾಟು ಹಾಸಿದೆ, ಕಡ್ಡಿ ಜೋಡಿಸಿದೆ, ಅಕ್ಕಾ ಆಯ್ತು ಎಂದೆ. ನಾಲ್ಕನೆಯದು? ತಿರುಚುವ ಕೈ ಕಾಣುತ್ತಿದೆ, ಇಕ್ಕಳ ಕಾಣುತ್ತಿದೆ, ಅದು ಮೂರನೆಯದೋ ನಾಲ್ಕನೆಯದೋ ಕಾಣುತ್ತಿಲ್ಲ. ಪೆನ್ಸಿಲ್ಲೇ ಇರಲಿ, ದೇವರೇ, ಪೆನ್ಸಿಲ್ಲೇ ಇರಲಿ.

ಪಟ್ ಎಂದು ಕಾಲ ಬುಡದಲ್ಲಿ ಚೀಲ ಬಿತ್ತು, ಖಾಲಿ, ಅಂದರೆ ಮರಿ ಬುಟ್ಟಿಯೊಳಗೆ ಕೂತಾಯಿತು, ಇನ್ನು ಸುಣ್ಣದ ಕೆಲಸ, ಗೂಡಿನ ಅಂಚಿಗೆ ಬಿಳಿ ಸುಣ್ಣ ಚಿಮುಕಿಸಬೇಕು, ಸುಳ್ಳು ಹಿಕ್ಕೆ ಎನ್ನುತ್ತಾಳೆ ಅಕ್ಕ, ಹಿಕ್ಕೆ ಕಂಡರೆ ತಾಯಿಗೆ ಹೊಸ ಬುಟ್ಟಿ ಹಳೇ ಮನೆಯ ಹಾಗೆ ಅನ್ನಿಸುತ್ತದಂತೆ, ಇಳಿಯೋ ಮೊದಲು ಆಚೆ ಅಂಚಿಗೆ ಹಚ್ತೀನಿ, ಬುಟ್ಟಿ ಮೇಲೆ ಎದೆ ಊರಿ ಬಗ್ಗಿದ್ರೆ ಕೈ ಎಟುಕುತ್ತೆ, ಗಟ್ಟಿ ಇದೆ ತಾನೆ ಎಂದು ಬೆಳಿಗ್ಗೆ ಅಂಗಡಿಯಲ್ಲೇ ಕೇಳಿದ್ದಳು, ಗಟ್ಟಿ ಇದೆ ಅಕ್ಕ ಎಂದವಳು ನಾನು. ಆಚೆ ಅಂಚು, ನಾಲ್ಕನೆಯ ಮೂಲೆ. ಹಗ್ಗ ಒಂದು ಸಲ ಜಗ್ಗಿತು. ಸಡಿಲ ಬಿಡು. ನಾನು ಎರಡು ಸಲ ಜಗ್ಗಿದೆ, ನಿಲ್ಲು. ಒಂದು ಸಲ. ಎರಡು ಸಲ, ನಿಲ್ಲೇ, ಈ ಸಲ ನೆರಳಲ್ಲ ಅಕ್ಕ, ಮೇಲಿಂದ ನಗು, ಅದೇ ಬೆರಳು. ಬಿಡುವುದಿಲ್ಲ, ಕೈ ಕಿತ್ತು ಬಂದರೂ ಬಿಡುವುದಿಲ್ಲ, ಆದರೆ ಬಿಡದಿದ್ದರೆ ಅವಳು ಸೊಂಟದ ಕೊಕ್ಕೆಯನ್ನೇ ಬಿಚ್ಚುತ್ತಾಳೆ, ಅವಳ ಗುಣ ಗೊತ್ತಿಲ್ಲವೇ, ಕಂಬದ ಮೇಲೆ ಎಷ್ಟು ಸಲ ಬಿಚ್ಚಿಲ್ಲ, ಕೂಗಬೇಕು, ತಾಯಿ ಹಾರಿಹೋದರೆ ಹೋಗಲಿ, ಮತ್ತೆ ಸುಳ್ಳಾದರೆ, ಮತ್ತೆ ಪುಕ್ಕಲಿಯಾದರೆ, ತಾಯಿ ಹೋಗಿ ಮರಿ ಸತ್ತರೆ — ಒಂದು ನಿಮಿಷ, ಪೆನ್ಸಿಲ್ಲಾದರೆ ಮುರಿಯುತ್ತದೆ, ತೊಡೆಯನ್ನು ಬೊಡ್ಡೆಗೆ ಒತ್ತಿದೆ, ಮುರಿ, ಇನ್ನೂ ಒತ್ತಿದೆ, ಮುರಿಯೇ, ಲಟ್ ಅನ್ನು, ಅನ್ನಲಿಲ್ಲ. ಬಾಗಿತು. ಕೊಕ್ಕೆ ಬಿಚ್ಚಿಯೇ ಬಿಟ್ಟಳು, ಹಗ್ಗ ಹಗುರವಾಯಿತು, ಇಷ್ಟು ಹಗುರ, ಆ ತುದಿಯಲ್ಲಿ ಯಾರೂ ಇಲ್ಲದ ಹಾಗೆ ಸುರುಳಿ ಸುರುಳಿಯಾಗಿ ನನ್ನ ಹೆಗಲ ಮೇಲೆ ಬೀಳುತ್ತಿದೆ, ಮೇಲೆ ಅಕ್ಕ ಬುಟ್ಟಿಗೆ ಎದೆ ಊರಿ ಆಚೆ ಅಂಚಿಗೆ ಬಗ್ಗುತ್ತಿದ್ದಾಳೆ, ಈಗ ಕೈ ಬಿಡುವಾಗಿದೆ, ಜೇಬಿಗೆ ಹೋಗಿದೆ, ತಣ್ಣಗೆ, ಸಣ್ಣಗೆ, ಮರಿಯ ಕೊಕ್ಕಿನಂತೆ ಬಾಗಿದ ತಂತಿ.